ಒಂದೇ ಟಿಕೆಟ್, ಒಂಬತ್ತು ಮಂದಿಯ ಕಛೇರಿ

ಟಾಕಿಂಗ್ ಹೆಡ್ಸ್ ಎಂಬ ಅಮೆರಿಕದ ರಾಕ್ ತಂಡದ ಸಂಗೀತ ಕಛೇರಿಯನ್ನು ಸೆರೆಹಿಡಿದಿರುವ ‘ಸ್ಟಾಪ್ ಮೇಕಿಂಗ್ ಸೆನ್ಸ್’ ಚಿತ್ರವನ್ನು ನಾನು ಚಿತ್ರಮಂದಿರದಲ್ಲಿ ಎರಡು ಸಲ ನೋಡಿದ್ದೇನೆ. ಮೊದಲ ಸಲ ಜೊತೆಗೆ ಸ್ನೇಹಿತರೊಬ್ಬರಿದ್ದರು, ಎರಡನೆಯ ಸಲ ಯಾರೂ ಇರಲಿಲ್ಲ. ಮೊದಲ ಸಲ ನಾನು ಪರದೆಗಿಂತ ಹೆಚ್ಚಾಗಿ ನೋಡಿದ್ದು ಆ ಸ್ನೇಹಿತರ ಮುಖವನ್ನು. ಅವರು ದಾಕ್ಷಿಣ್ಯದ ಮನುಷ್ಯರು. ಬರುವುದಿಲ್ಲ ಎನ್ನಲಾರದೆ ಬಂದಿದ್ದರು. ಒಂದೊಂದು ಹಾಡು ಮುಗಿದಾಗಲೂ ನನ್ನ ಕಡೆಗೆ ತಿರುಗಿ ‘ಚೆನ್ನಾಗಿದೆ’ ಎಂದು ತಲೆಯಾಡಿಸುತ್ತಿದ್ದರು; ನಾನು ಆ ತಲೆಯಾಟದಲ್ಲಿ ನಿಜವೆಷ್ಟು, ಸೌಜನ್ಯವೆಷ್ಟು ಎಂದು ಲೆಕ್ಕ ಹಾಕುತ್ತ ಮುಂದಿನ ಹಾಡಿನ ಆರಂಭವನ್ನು ಕಳೆದುಕೊಳ್ಳುತ್ತಿದ್ದೆ. ತನಗೆ ಇಷ್ಟವಾದ ತಂಡವನ್ನು ಇನ್ನೊಬ್ಬರಿಗೆ ತೋರಿಸಲು ಕರೆದುಕೊಂಡು ಹೋದವರ ಪಾಡು ಪರೀಕ್ಷಾ ಕೊಠಡಿಯ ಹೊರಗೆ ಕಾದು ನಿಂತ ತಂದೆತಾಯಿಯ ಪಾಡಿನಂಥದು. ಚಿತ್ರ ಮುಗಿದ ಮೇಲೆ ಅವರು ನಿರಾಳರಾದರು, ನಾನೂ ನಿರಾಳನಾದೆ, ಮತ್ತು ಇದನ್ನು ನೋಡಬೇಕಾದ ರೀತಿ ಇದಲ್ಲ ಎಂದು ನನಗೆ ಅಂದೇ ಅನ್ನಿಸಿತು.

ಈಗ ಬರೆಯುತ್ತಿರುವುದು ಎರಡನೆಯ ಸಲದ ವಿಮರ್ಶೆ. ಕಛೇರಿ ಚಿತ್ರಕ್ಕೆ ಟಿಕೆಟ್ ಕೊಳ್ಳುವವರು ಹಣ ಕೊಡುವುದು ಚಿತ್ರವೊಂದಕ್ಕೇ ಅಲ್ಲ. ಕತ್ತಲೆಗೆ, ಪರದೆಯ ಅಳತೆಗೆ, ಎಲ್ಲಕ್ಕಿಂತ ಮಿಗಿಲಾಗಿ ಧ್ವನಿಗೆ. ಆದ್ದರಿಂದ ಚಿತ್ರವನ್ನೂ ಪ್ರದರ್ಶನವನ್ನೂ ಬೇರೆ ಬೇರೆಯಾಗಿಯೇ ತೂಗಬೇಕಾಗುತ್ತದೆ. ಚಿತ್ರದ ವಿಷಯದಲ್ಲಿ ನನ್ನದು ಪಕ್ಷಪಾತದ ತಕ್ಕಡಿ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಪ್ರದರ್ಶನದ ವಿಷಯದಲ್ಲಿ ಮಾತ್ರ ಆರಂಭದ ಹತ್ತು ನಿಮಿಷಗಳನ್ನೂ ಕೊನೆಯ ಕೆಲವು ನಿಮಿಷಗಳನ್ನೂ ಕಳೆದೇ ಅಂಕ ಕೊಡಬೇಕಾಗಿದೆ. ಅದರ ಕಾರಣ ಮುಂದೆ ಬರುತ್ತದೆ.

ಒಬ್ಬರೇ ಹೋಗುವುದರ ಮೊದಲ ಲಾಭ ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಯಿತು. ಆಸನಗಳ ನಕ್ಷೆಯಲ್ಲಿ ಒಳ್ಳೆಯ ಸಾಲುಗಳೆಲ್ಲ ಜೋಡಿಜೋಡಿಯಾಗಿ, ನಾಲ್ಕುನಾಲ್ಕಾಗಿ ತುಂಬಿಹೋಗಿದ್ದವು. ಇಬ್ಬರು ಮೂವರು ಒಟ್ಟಿಗೆ ಆಸನ ಆರಿಸುವಾಗ ಪಕ್ಕದಲ್ಲಿ ಒಂದೇ ಒಂದು ಜಾಗ ಉಳಿಯುವಂತಿದ್ದರೆ ಕೆಲವು ಬುಕಿಂಗ್ ವ್ಯವಸ್ಥೆಗಳು ಅದಕ್ಕೆ ಒಪ್ಪುವುದಿಲ್ಲ. ಹಾಗಿದ್ದರೂ ಹೇಗೋ ನಡುಸಾಲಿನ ನಟ್ಟನಡುವೆ ಒಂದು ಆಸನ ಅನಾಥವಾಗಿ ಉಳಿದಿತ್ತು. ಇಬ್ಬರಾಗಿ ಬಂದವರಿಗೆ ಅದು ಕೆಲಸಕ್ಕೆ ಬಾರದ ಜಾಗ. ನನಗಂತೂ ಇಡೀ ಸಭಾಂಗಣದಲ್ಲಿ ಅದಕ್ಕಿಂತ ಒಳ್ಳೆಯ ಜಾಗವೇ ಇರಲಿಲ್ಲ.

ಹೀಗೆ ಹೇಳಲು ಕಾರಣವಿದೆ. ಚಿತ್ರಮಂದಿರದ ಧ್ವನಿಯನ್ನು ಹೊಂದಿಸುವ ತಂತ್ರಜ್ಞರು ಅಳತೆಯ ಮೈಕ್ರೊಫೋನುಗಳನ್ನು ಇಡುವುದು ಸಾಮಾನ್ಯವಾಗಿ ಪರದೆಯಿಂದ ಹಿಂಗೋಡೆಯವರೆಗಿನ ದೂರದ ಮೂರನೇ ಎರಡು ಭಾಗ ಹಿಂದಕ್ಕೆ ಬಂದ ಜಾಗದ ಸುತ್ತಮುತ್ತ. ಅಂದರೆ ಎಡ, ಬಲ ಮತ್ತು ಸುತ್ತುಗೋಡೆಯ ಸ್ಪೀಕರುಗಳೆಲ್ಲ ಸಮತೂಕದಲ್ಲಿ ಕೇಳಿಸುವುದು ಅಲ್ಲಿಯೇ. ಇನ್ನೊಂದು ಸಂಗತಿ ಡ್ರಮ್ಸ್ ಬಾರಿಸುವವರನ್ನು ನೋಡುವಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಪರದೆಯಿಂದ 25 ಮೀಟರ್ ದೂರದ ಕಡೆಯ ಸಾಲಿನಲ್ಲಿ ಕುಳಿತವರಿಗೆ ಅದು 73 ಮಿಲಿಸೆಕೆಂಡಿನಷ್ಟು ತಡವಾಗಿ ತಲುಪುತ್ತದೆ. ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುವ ಚಿತ್ರದಲ್ಲಿ ಇದು ಹೆಚ್ಚುಕಡಿಮೆ ಒಂದೂಮುಕ್ಕಾಲು ಚೌಕಟ್ಟಿನಷ್ಟು ಅಂತರ. ಮಾತಿನ ಚಿತ್ರದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಆದರೆ ಕೋಲು ಚರ್ಮಕ್ಕೆ ತಾಗಿದ್ದು ಕಂಡ ಮೇಲೆ ಏಟು ಕೇಳಿಸಿದರೆ, ಲಯವೇ ಜೀವಾಳವಾದ ಚಿತ್ರದಲ್ಲಿ ಏನೋ ಸಡಿಲವಾಗಿದೆ ಎಂದು ಮೈ ಹೇಳುತ್ತಲೇ ಇರುತ್ತದೆ. ಮೊದಲ ಸಲ ಸ್ನೇಹಿತರ ಜೊತೆ ಕಡೆಯ ಸಾಲಿನಲ್ಲಿ ಕುಳಿತಿದ್ದಾಗ ನನಗೆ ಹಾಗೆ ಆಗಿತ್ತು. ಅದರ ದೋಷವನ್ನೂ ನಾನು ಆಗ ಅವರ ತಲೆಗೇ ಕಟ್ಟಿದ್ದೆ.

ಬಾಗಿಲಲ್ಲಿ ಟಿಕೆಟ್ ನೋಡಿದ ಹುಡುಗ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ, ‘ಒಬ್ಬರೇನಾ ಸರ್?’ ಎಂದ. ಹೌದು ಎಂದೆ. ಅವನ ಪ್ರಶ್ನೆಯಲ್ಲಿ ಕುಹಕವೇನೂ ಇರಲಿಲ್ಲ; ಉತ್ತರ ಕೊಡುವಾಗ ನನ್ನ ದನಿ ಮಾತ್ರ ಅಗತ್ಯಕ್ಕಿಂತ ಸ್ವಲ್ಪ ಗಟ್ಟಿಯಾಯಿತು. ಒಬ್ಬರೇ ಚಿತ್ರಮಂದಿರಕ್ಕೆ ಹೋಗುವವರಿಗೆ ಕಷ್ಟವೆನಿಸುವುದು ಚಿತ್ರ ನಡೆಯುವ ಹೊತ್ತಿನಲ್ಲಲ್ಲ, ದೀಪ ಆರುವ ಮುಂಚಿನ ಹತ್ತು ನಿಮಿಷದಲ್ಲಿ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ, ಫೋನಿನಲ್ಲಿ ಓದುವಂಥದ್ದೇನೂ ಇರುವುದಿಲ್ಲ, ಪಕ್ಕದವರು ಮಾತಾಡುವುದನ್ನು ಕೇಳಿಸಿಕೊಳ್ಳದಂತೆ ಕೇಳಿಸಿಕೊಳ್ಳಬೇಕಾಗುತ್ತದೆ. ದೀಪ ಆರಿದ ಮೇಲೆ ಎಲ್ಲರೂ ಒಂಟಿಯೇ.

ಚಿತ್ರದ ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಟಾಕಿಂಗ್ ಹೆಡ್ಸ್ 1975ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ತಂಡ. ಹಾಡುಗಾರ ಡೇವಿಡ್ ಬರ್ನ್, ಕೆಳಸ್ವರಗಳನ್ನು ನುಡಿಸುವ ಬೇಸ್ ಗಿಟಾರಿನ ಟೀನಾ ವೇಮತ್ ಮತ್ತು ಡ್ರಮ್ಸ್‌ನ ಕ್ರಿಸ್ ಫ್ರಾಂಟ್ಜ್ ಕಲಾಶಾಲೆಯ ಕಾಲದಿಂದ ಜೊತೆಗಿದ್ದವರು. ಗಿಟಾರ್ ಮತ್ತು ಕೀಬೋರ್ಡಿನ ಜೆರ್ರಿ ಹ್ಯಾರಿಸನ್ 1977ರಲ್ಲಿ ಸೇರಿದರು. 1983ರ ಡಿಸೆಂಬರಿನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ರಂಗಮಂದಿರದಲ್ಲಿ ನಡೆದ ಅವರ ಕಛೇರಿಗಳನ್ನು ನಿರ್ದೇಶಕ ಜೊನಾಥನ್ ಡೆಮಿ ಚಿತ್ರೀಕರಿಸಿದರು. ಚಿತ್ರ 1984ರಲ್ಲಿ ಬಿಡುಗಡೆಯಾಯಿತು, 88 ನಿಮಿಷದ್ದು, ಹದಿನಾರು ಹಾಡುಗಳದ್ದು. ಆ ಪ್ರವಾಸವೇ ತಂಡದ ಕೊನೆಯ ಪ್ರವಾಸವಾಯಿತು. 1991ರಲ್ಲಿ ತಂಡವೂ ಇಲ್ಲವಾಯಿತು. ಹೀಗಾಗಿ ತಡವಾಗಿ ಹುಟ್ಟಿದ ನನ್ನಂಥ ಅಭಿಮಾನಿಗೆ ಈ ತಂಡದ ಕಛೇರಿಗೆ ‘ಹೋಗುವುದು’ ಎಂದರೆ ಈ ಚಿತ್ರಕ್ಕೆ ಹೋಗುವುದು ಎಂದೇ ಅರ್ಥ. 2023ರಲ್ಲಿ ಎ24 ಎಂಬ ಚಿತ್ರಸಂಸ್ಥೆ ಚಿತ್ರವನ್ನು 4ಕೆ ಎಂಬ ಹೆಚ್ಚು ಸ್ಪಷ್ಟತೆಯ ಡಿಜಿಟಲ್ ರೂಪದಲ್ಲಿ ಪುನರುದ್ಧಾರ ಮಾಡಿ ಮತ್ತೆ ಬಿಡುಗಡೆ ಮಾಡಿದ ಮೇಲೆ ಅದು ಅಲ್ಲಲ್ಲಿ ಆಗಾಗ ಪರದೆಗೆ ಬರುತ್ತಿದೆ. ನಾನು ನೋಡಿದ್ದು ಆ ಪ್ರತಿಯನ್ನೇ.

ಆರಂಭ ಹೀಗಿದೆ: ಬರಿದಾದ ರಂಗ, ಹಿಂದೆ ಪರದೆಯಿಲ್ಲ, ಅಲಂಕಾರವಿಲ್ಲ, ನೇಪಥ್ಯದ ಏಣಿ, ಹಗ್ಗ, ಇಟ್ಟಿಗೆ ಗೋಡೆ ಎಲ್ಲ ಕಾಣುತ್ತಿವೆ. ಬಿಳಿ ಕ್ಯಾನ್ವಾಸ್ ಬೂಟು ತೊಟ್ಟ ಎರಡು ಪಾದಗಳು ನಡೆದು ಬರುತ್ತವೆ. ಬರ್ನ್ ಒಂದು ಟೇಪ್ ರೆಕಾರ್ಡರನ್ನು ನೆಲದ ಮೇಲಿಟ್ಟು, ಒಂದು ಟೇಪು ಹಾಕುತ್ತೇನೆ ಎಂಬರ್ಥದ ಒಂದೇ ಮಾತು ಆಡಿ, ಅದರಿಂದ ಬರುವ ಯಂತ್ರದ ತಾಳಕ್ಕೆ ಗಿಟಾರ್ ನುಡಿಸುತ್ತ ಹಾಡತೊಡಗುತ್ತಾರೆ. (ಆ ತಾಳ ನಿಜವಾಗಿ ಬರುತ್ತಿದ್ದುದು ಟೇಪಿನಿಂದಲ್ಲ, ಧ್ವನಿಮಿಶ್ರಕಕ್ಕೆ ಜೋಡಿಸಿದ್ದ ರೋಲ್ಯಾಂಡ್ 808 ಎಂಬ ತಾಳಯಂತ್ರದಿಂದ. ಗೊತ್ತಿದ್ದೂ ನಾನು ಪ್ರತಿ ಸಲ ಟೇಪನ್ನೇ ನಂಬುತ್ತೇನೆ.) ಎರಡನೆಯ ಹಾಡಿಗೆ ವೇಮತ್ ಬರುತ್ತಾರೆ, ಮೂರನೆಯದಕ್ಕೆ ಫ್ರಾಂಟ್ಜ್, ನಾಲ್ಕನೆಯದಕ್ಕೆ ಹ್ಯಾರಿಸನ್. ಹಾಡು ನಡೆಯುತ್ತಿರುವಾಗಲೇ ಕಪ್ಪುಬಟ್ಟೆಯ ರಂಗಸಹಾಯಕರು ಡ್ರಮ್ಸ್‌ನ ವೇದಿಕೆಯನ್ನು ತಳ್ಳಿಕೊಂಡು ಬಂದು ನಿಲ್ಲಿಸುತ್ತಾರೆ. ಐದನೆಯದಕ್ಕೆ ತಾಳವಾದ್ಯದ ಸ್ಟೀವ್ ಸ್ಕೇಲ್ಸ್, ಗಾಯಕಿಯರಾದ ಲಿನ್ ಮೇಬ್ರಿ ಮತ್ತು ಎಡ್ನಾ ಹೋಲ್ಟ್. ಆರನೆಯದಕ್ಕೆ ಕೀಬೋರ್ಡಿನ ಬರ್ನೀ ವರೆಲ್, ಗಿಟಾರಿನ ಅಲೆಕ್ಸ್ ವಿಯರ್. ಒಬ್ಬರಿಂದ ಶುರುವಾದದ್ದು ಒಂಬತ್ತಕ್ಕೆ ಬಂದು ನಿಲ್ಲುತ್ತದೆ.

ಮನೆಯ ಪರದೆಯಲ್ಲಿ ಎಷ್ಟೋ ಸಲ ನೋಡಿದ್ದ ಈ ಕ್ರಮಕ್ಕೆ ಇರುವ ಅರ್ಥ ನನಗೆ ಹೊಳೆದದ್ದು ಎಡಬಲದಲ್ಲಿ ಅಪರಿಚಿತರ ನಡುವೆ ಸುಮ್ಮನೆ ಕುಳಿತಿದ್ದಾಗ. ಮೊದಲ ಹಾಡಿನಲ್ಲಿ ಬರ್ನ್ ಒಬ್ಬರೇ ಅಷ್ಟು ದೊಡ್ಡ ರಂಗದ ಮೇಲೆ ತಾಳ ತಪ್ಪಿದಾಗಲೆಲ್ಲ ಗುಂಡು ತಗುಲಿದವರಂತೆ ತತ್ತರಿಸುತ್ತ ನಡೆಯುತ್ತಾರೆ. ಆ ತತ್ತರವನ್ನು ತಡೆಯಲು ಅಲ್ಲಿ ಯಾರೂ ಇಲ್ಲ. ವೇಮತ್ ಬಂದು ಪಕ್ಕದಲ್ಲಿ ನಿಂತ ಕೂಡಲೇ ಅವರ ಕಾಲು ನೆಲ ಕಂಡುಕೊಳ್ಳುತ್ತದೆ. ಬೇಸ್ ಗಿಟಾರ್ ಎಂಬ ವಾದ್ಯ ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಜೊತೆಯಲ್ಲಿ ಸ್ನೇಹಿತರಿದ್ದಿದ್ದರೆ ನಾನು ಇದನ್ನು ಅವರ ಕಿವಿಯಲ್ಲಿ ಹೇಳುತ್ತಿದ್ದೆ. ಹೇಳುವ ಭರದಲ್ಲಿ ನೋಡುವುದನ್ನು ಬಿಟ್ಟಿರುತ್ತಿದ್ದೆ.

ಆದರೆ ಆ ದಿನ ವೇಮತ್ ಅವರ ಬೇಸ್ ಕೇಳಬೇಕಾದಷ್ಟು ಕೇಳುತ್ತಿರಲಿಲ್ಲ. ಪ್ರದರ್ಶನದ ಬಗ್ಗೆ ನನ್ನ ಮೊದಲ ದೂರು ಇದೇ. ಮೊದಲ ಹಾಡಿನ ತಾಳಯಂತ್ರ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದಂತೆ ಕೇಳಿತು. ಚಿತ್ರದ ಧ್ವನಿಯನ್ನು ಅಂತಿಮಗೊಳಿಸುವ ಕೊಠಡಿಯಲ್ಲಿ ಒಂದು ನಿಗದಿತ ಮಟ್ಟವಿರುತ್ತದೆ: ಧ್ವನಿಸಾಧನದ ಗುಂಡಿ 7ರಲ್ಲಿದ್ದಾಗ ಪರದೆಯ ಹಿಂದಿನ ಒಂದೊಂದು ಸ್ಪೀಕರಿನಿಂದಲೂ ಪರೀಕ್ಷೆಯ ಸದ್ದು 85 ಡೆಸಿಬಲ್ ಬರಬೇಕು. ಚಿತ್ರಮಂದಿರದಲ್ಲಿಯೂ ಅದೇ 7ರಲ್ಲಿ ಇಟ್ಟರೆ ಚಿತ್ರ ಮಾಡಿದವರು ಕೇಳಿದ್ದನ್ನು ನಾವೂ ಕೇಳುತ್ತೇವೆ. ಆದರೆ ಜಾಹೀರಾತು, ಮುನ್ನೋಟಗಳ ಅಬ್ಬರಕ್ಕೆ ಪ್ರೇಕ್ಷಕರು ಬೇಸರಪಟ್ಟುಕೊಳ್ಳುವುದರಿಂದ ಅನೇಕ ಕಡೆ ಆ ಗುಂಡಿಯನ್ನು 5ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿ ಅಲ್ಲಿಯೇ ಬಿಟ್ಟುಬಿಡುತ್ತಾರೆ. ಒಂದು ಅಂಕಿಗೆ ಮೂರು ಡೆಸಿಬಲ್‌ಗೂ ಹೆಚ್ಚು ಇಳಿಯುವುದರಿಂದ, ಎರಡು ಅಂಕಿ ಇಳಿದರೆ ಸಂಗೀತದ ಹೊಟ್ಟೆಯೇ ಖಾಲಿಯಾಗುತ್ತದೆ. ಸದ್ದು ತಗ್ಗಿದಾಗ ಮನುಷ್ಯರ ಕಿವಿ ಮೊದಲು ಕಳೆದುಕೊಳ್ಳುವುದು ಕೆಳಸ್ವರಗಳನ್ನು. ‘ದಿ ಲಾಸ್ಟ್ ವಾಲ್ಟ್ಸ್’ ಎಂಬ 1978ರ ಕಛೇರಿ ಚಿತ್ರ ಶುರುವಾಗುವುದೇ ಈ ಚಿತ್ರವನ್ನು ಜೋರಾಗಿ ಹಾಕಬೇಕು ಎಂಬ ಬರಹದಿಂದ. ಅಂಥದೊಂದು ಬರಹ ಎಲ್ಲ ಕಛೇರಿ ಚಿತ್ರಗಳ ಮೊದಲಿಗೂ ಇರಬೇಕಿತ್ತು.

ಒಂಟಿ ಪ್ರೇಕ್ಷಕರ ನಿಜವಾದ ಕಷ್ಟ ಇಲ್ಲಿ ಎದುರಾಯಿತು. ಜೊತೆಯಲ್ಲಿ ಒಬ್ಬರಿದ್ದರೆ ‘ನೀವು ಹೋಗಿ ಹೇಳಿ ಬನ್ನಿ’ ಎನ್ನಬಹುದಿತ್ತು, ಅಥವಾ ‘ಸದ್ದು ಕಡಿಮೆ ಅಲ್ಲವೇ?’ ಎಂದು ಕೇಳಿ ನನ್ನ ಕಿವಿಯ ದೋಷವಲ್ಲ ಎಂಬುದನ್ನಾದರೂ ಖಚಿತ ಮಾಡಿಕೊಳ್ಳಬಹುದಿತ್ತು. ನಡುಸಾಲಿನ ನಡು ಆಸನದಿಂದ ಎದ್ದರೆ ಏಳೆಂಟು ಜನರ ಮೊಣಕಾಲು ದಾಟಬೇಕು. ಏಳದಿದ್ದರೆ ಉಳಿದ ಹದಿನಾಲ್ಕು ಹಾಡುಗಳನ್ನೂ ಹೀಗೆಯೇ ಕೇಳಬೇಕು. ಎರಡನೆಯ ಹಾಡು ಮುಗಿಯುವವರೆಗೆ ತಾಳಿಕೊಂಡು ಎದ್ದೆ. ಹೊರಗೆ ಅದೇ ಹುಡುಗ ಸಿಕ್ಕಿದ. ಅವನು ವಾದಿಸಲಿಲ್ಲ, ಮೇಲಿನವರನ್ನು ಕೇಳಬೇಕು ಎನ್ನಲಿಲ್ಲ. ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಎರಡು ಮಾತು ಹೇಳಿ, ‘ನೀವು ಒಳಗೆ ಹೋಗಿ ಸರ್, ಆಗುತ್ತೆ’ ಎಂದ. ಫ್ರಾಂಟ್ಜ್ ನಗುನಗುತ್ತ ಓಡಿ ಬಂದು ಡ್ರಮ್ಸ್ ಮುಂದೆ ಕೂರುವ ಮೂರನೆಯ ಹಾಡು ಹೀಗೆ ನನ್ನ ಕೈತಪ್ಪಿತು. ಮತ್ತೆ ಮೊಣಕಾಲುಗಳನ್ನು ದಾಟಿ ಕೂರುವಷ್ಟರಲ್ಲಿ ಹ್ಯಾರಿಸನ್ ಬಂದಾಗಿತ್ತು. ಆ ಹಾಡಿನ ನಡುವೆ ಎಲ್ಲಿಯೋ ಧ್ವನಿ ಏರಿತು. ಏರಿದ್ದು ನನಗೆ ಗೊತ್ತಾದದ್ದು ಕಿವಿಯಿಂದಲ್ಲ, ಆಸನದ ತೋಳಿನ ನಡುಕದಿಂದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನತ್ತ ತಿರುಗದೆಯೇ ‘ಥ್ಯಾಂಕ್ಸ್’ ಎಂದರು. ಅವರೂ ಒಬ್ಬರೇ ಬಂದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಅಲ್ಲಿಂದ ಮುಂದೆ ಪ್ರದರ್ಶನದ ಧ್ವನಿಯಲ್ಲಿ ಹೇಳುವಂಥ ಕೊರತೆ ಕಾಣಲಿಲ್ಲ. ಈ ಚಿತ್ರದ ಧ್ವನಿ ಆ ಕಾಲಕ್ಕೆ ಹೊಸದಾಗಿದ್ದ ಡಿಜಿಟಲ್ ತಂತ್ರದಲ್ಲಿ ದಾಖಲಾದದ್ದು; ಆದ್ದರಿಂದಲೇ ನಲವತ್ತು ವರ್ಷದ ಮೇಲೆಯೂ ಅದರಲ್ಲಿ ಟೇಪಿನ ಸರಸರ ಸದ್ದಿಲ್ಲ. ಹೊಸ ಪ್ರತಿಗಾಗಿ ಹ್ಯಾರಿಸನ್ ಅವರೇ ಧ್ವನಿ ಎಂಜಿನಿಯರ್ ಇ. ಟಿ. ತಾರ್ನ್‌ಗ್ರೆನ್ ಜೊತೆ ಕುಳಿತು, ಸುತ್ತಲಿನಿಂದಲೂ ಮೇಲಿನಿಂದಲೂ ಧ್ವನಿ ಕೇಳಿಸುವ ಡಾಲ್ಬಿ ಅಟ್ಮಾಸ್ ಮಿಶ್ರಣ ಸಿದ್ಧಪಡಿಸಿದ್ದಾರೆ. ಅಟ್ಮಾಸ್ ಎಂದರೆ ವಾದ್ಯಗಳು ತಲೆಯ ಸುತ್ತ ಗಿರಕಿ ಹೊಡೆಯುತ್ತವೆ ಎಂಬ ಭಯ ನನಗಿತ್ತು, ಹಾಗೆ ಮಾಡಿಲ್ಲ. ವಾದ್ಯಗಳು ರಂಗದ ಮೇಲೆ ಎಲ್ಲಿವೆಯೋ ಅಲ್ಲಿಂದಲೇ ಕೇಳುತ್ತವೆ, ಪ್ರೇಕ್ಷಕರ ಕೂಗು ಮಾತ್ರ ಹಿಂದಿನಿಂದ ಮತ್ತು ಮೇಲಿನಿಂದ ಬರುತ್ತದೆ. ಆರನೆಯ ಹಾಡಿಗೆ, ಅಂದರೆ ತಂಡದ ಬಹು ಜನಪ್ರಿಯ ಹಾಡಾದ ‘ಬರ್ನಿಂಗ್ ಡೌನ್ ದಿ ಹೌಸ್’ಗೆ, ಒಂಬತ್ತು ಮಂದಿ ಒಟ್ಟಾಗಿ ಇಳಿದಾಗ ಇಬ್ಬರ ಗಿಟಾರುಗಳು ಎಡಕ್ಕೊಂದು ಬಲಕ್ಕೊಂದು ಬಿಡಿಸಿ ಕೇಳಿದವು; ಇಯರ್‌ಫೋನಿನಲ್ಲಿ ಇಷ್ಟು ವರ್ಷ ಅವೆರಡನ್ನೂ ನಾನು ಒಂದೇ ಗಿಟಾರ್ ಎಂದುಕೊಂಡಿದ್ದೆ. ಚಿತ್ರಮಂದಿರದ ಪರದೆಯ ತುಂಬ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ, ಮುಖ್ಯ ಸ್ಪೀಕರುಗಳು ಅದರ ಹಿಂದೆ ಇರುತ್ತವೆ. ಹಾಗಾಗಿ ಹಾಡು ಹಾಡುವವರ ಬಾಯಿಂದಲೇ ಹೊರಡುತ್ತದೆ. ಮನೆಯ ಸಾಮಾನ್ಯ ಟಿವಿಯಲ್ಲಿ ಇದೊಂದು ಸಿಗುವುದಿಲ್ಲ.

ಡೆಮಿ ಅವರ ದೊಡ್ಡ ನಿರ್ಧಾರ ಪ್ರೇಕ್ಷಕರನ್ನು ತೋರಿಸದೆ ಇದ್ದದ್ದು. ಸಾಮಾನ್ಯ ಕಛೇರಿ ಚಿತ್ರದಲ್ಲಿ ಹಾಡುಗಾರರು ಒಂದು ಏರುಸ್ವರಕ್ಕೆ ಹೋದ ಕೂಡಲೇ ಕ್ಯಾಮೆರಾ ಕಣ್ಣೀರಿಡುವ ಒಬ್ಬ ಅಭಿಮಾನಿಯ ಮೇಲೆ ಬೀಳುತ್ತದೆ. ನಮಗೆ ಏನನ್ನಿಸಬೇಕು ಎಂಬುದನ್ನು ಬೇರೆಯವರ ಮುಖ ಹೇಳಿಕೊಡುತ್ತದೆ. ಇಲ್ಲಿ ಆ ಹೇಳಿಕೊಡುವಿಕೆ ಇಲ್ಲ. ಸಂದರ್ಶನವಿಲ್ಲ, ನೇಪಥ್ಯದ ಹರಟೆಯಿಲ್ಲ, ನಿರೂಪಣೆಯಿಲ್ಲ. ಕೊನೆಯ ಹಾಡಿನವರೆಗೆ ರಂಗ, ರಂಗದ ಮೇಲಿನವರು, ಅವರನ್ನು ನೋಡುತ್ತಿರುವ ನಾವು, ಇಷ್ಟೇ. ಇದನ್ನು ನಾನು ಚಿತ್ರದ ಶೈಲಿಯೆಂದು ತಿಳಿದಿದ್ದೆ. ಆದರೆ ಮೊದಲ ಸಲ ನಾನು ಮಾಡಿದ್ದೇನು? ಡೆಮಿ ತೆಗೆದುಹಾಕಿದ್ದ ಆ ಪ್ರೇಕ್ಷಕರ ಮುಖವನ್ನು ನಾನೇ ಪಕ್ಕದ ಆಸನದಲ್ಲಿ ತಂದು ಕೂರಿಸಿಕೊಂಡಿದ್ದೆ. ಅವರು ನಕ್ಕಾಗ ನಕ್ಕೆ, ಅವರು ಆಕಳಿಸಿದಾಗ ಹಾಡೇ ಸೋತಿತು ಎಂದುಕೊಂಡೆ.

ಹಾಡುಗಳ ನಡುವೆ ಒಂದನ್ನು ಆರಿಸು ಎಂದರೆ ನೆಲದೀಪದ ಹಾಡನ್ನು ಹೇಳುತ್ತೇನೆ. ಮನೆಯ ಮೂಲೆಯಲ್ಲಿ ಇಡುವಂಥ ಒಂದು ಎತ್ತರದ ದೀಪ ರಂಗದ ಮೇಲೆ ಬರುತ್ತದೆ. ಹಾಡಿನ ನಡುವೆ ಬರ್ನ್ ಅದನ್ನು ಜೊತೆಗಾರನೆಂಬಂತೆ ಹಿಡಿದು, ವಾಲಿಸಿ, ಬೀಳಲು ಬಿಟ್ಟು ಮತ್ತೆ ಹಿಡಿದು ಕುಣಿಯುತ್ತಾರೆ. ಮನೆಯ ಬಗ್ಗೆ ಇರುವ ಆ ಹಾಡನ್ನು ಅಷ್ಟು ಜನರ ನಡುವೆ ನಿಂತು ಅವರು ಹಾಡುವುದು ಒಂದು ದೀಪಕ್ಕೆ. ದೊಡ್ಡ ಪರದೆಯಲ್ಲಿ ದೀಪದ ಬೆಳಕು ಅವರ ಮುಖದ ಮೇಲೆ ಏರಿಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಛಾಯಾಗ್ರಾಹಕ ಜಾರ್ಡನ್ ಕ್ರೋನೆನ್‌ವೆತ್ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ‘ಬ್ಲೇಡ್ ರನ್ನರ್’ ಚಿತ್ರದ ಕತ್ತಲೆಯನ್ನು ಹದ ಮಾಡಿದ್ದವರು. ದೀಪದ ಹಾಡಿಗೆ ಹಿಂದಿನ ಹಾಡಿನಲ್ಲಿ ಬೆಳಕನ್ನೆಲ್ಲ ಕೆಳಗಿನಿಂದ ಬಿಟ್ಟು ಮುಖಗಳನ್ನು ಮುಖವಾಡ ಮಾಡುತ್ತಾರೆ, ಹಿಂದೆ ನೆರಳುಗಳು ಹಾಡುವವರಿಗಿಂತ ದೊಡ್ಡದಾಗಿ ಕುಣಿಯುತ್ತವೆ. ದೀಪದ ಹಾಡು ಮುಗಿದ ಮೇಲಿನ ‘ಒನ್ಸ್ ಇನ್ ಎ ಲೈಫ್‌ಟೈಮ್’ ಹಾಡಿನಲ್ಲಿ ಕ್ಯಾಮೆರಾ ಬಹು ಹೊತ್ತು ಬರ್ನ್ ಒಬ್ಬರ ಮೇಲೆಯೇ ನಿಲ್ಲುತ್ತದೆ, ಕದಲುವುದಿಲ್ಲ. ಕತ್ತರಿಸದೆ ಕಾಯುವ ಧೈರ್ಯವಿರುವ ಸಂಕಲನವನ್ನು ದೊಡ್ಡ ಪರದೆಯಲ್ಲಿ ನೋಡಿದ ಮೇಲೆ ಈಚಿನ ಕಛೇರಿ ಚಿತ್ರಗಳ ಎರಡೆರಡು ಸೆಕೆಂಡಿನ ತುಣುಕುಗಳು ಕಣ್ಣಿಗೆ ಕಸದಂತೆ ಚುಚ್ಚುತ್ತವೆ.

ಎಲ್ಲವೂ ಹೀಗೆಯೇ ಇದೆ ಎಂದರೆ ಸುಳ್ಳಾಗುತ್ತದೆ. ಹದಿಮೂರನೆಯ ಹಾಡಿಗೆ ಬರ್ನ್ ಒಳಗೆ ಹೋಗುತ್ತಾರೆ. ವೇಮತ್ ಮತ್ತು ಫ್ರಾಂಟ್ಜ್ ದಂಪತಿ ತಮ್ಮ ಇನ್ನೊಂದು ತಂಡವಾದ ಟಾಮ್ ಟಾಮ್ ಕ್ಲಬ್ಬಿನ ಹಾಡು ಹಾಡುತ್ತಾರೆ. ಹಾಡು ಒಳ್ಳೆಯದೇ, ಆದರೆ ಕಟ್ಟಿಕೊಂಡು ಬಂದ ಬಿಗಿ ಅಲ್ಲಿ ಸಡಿಲವಾಗುತ್ತದೆ. ಬಟ್ಟೆ ಬದಲಿಸುವವರಿಗೆ ಸಮಯ ಕೊಡುವ ಕೆಲಸ ಅದು ಎಂಬುದು ಮರೆಯಾಗುವುದಿಲ್ಲ. ಫ್ರಾಂಟ್ಜ್ ಅವರ ಕೂಗಾಟ ಚಿತ್ರಮಂದಿರದ ಧ್ವನಿಯಲ್ಲಿ ಇನ್ನೂ ದೊಡ್ಡದಾಗಿ ಕೇಳುತ್ತದೆ. ನನ್ನ ಸಾಲಿನಲ್ಲಿ ಇಬ್ಬರು ಎದ್ದು ಹೊರಗೆ ಹೋಗಿ ಬಂದದ್ದು ಅದೇ ಹೊತ್ತಿನಲ್ಲಿ. ನನಗೆ ಮೊದಲೇ ತೋಚಿದ್ದರೆ ಧ್ವನಿಯ ದೂರನ್ನು ಈ ಹಾಡಿಗೆ ಇಟ್ಟುಕೊಳ್ಳಬಹುದಿತ್ತು ಎನ್ನುವಂತಿಲ್ಲವಲ್ಲ. ಅಷ್ಟರಲ್ಲಿ ಚಿತ್ರವೇ ಮುಗಿಯುತ್ತ ಬಂದಿರುತ್ತದೆ.

ಆಮೇಲೆ ಬರುವುದು ಪ್ರಸಿದ್ಧವಾದ ಆ ದೊಡ್ಡ ಕೋಟು. ಜಪಾನಿನ ‘ನೋ’ ಎಂಬ ಸಾಂಪ್ರದಾಯಿಕ ರಂಗಭೂಮಿಯ ಅಗಲವಾದ ಉಡುಪುಗಳಿಂದ ಪ್ರೇರಣೆ ಪಡೆದು ಮಾಡಿಸಿದ್ದು. ಭುಜ ಬಾಗಿಲಿನಷ್ಟು ಅಗಲ, ಅದರ ಮೇಲೆ ಬರ್ನ್ ಅವರ ತಲೆ ಬಟಾಣಿಯಷ್ಟು. ಚಿಕ್ಕ ಪರದೆಯಲ್ಲಿ ಅದು ತಮಾಷೆಯಾಗಿ ಕಾಣುತ್ತದೆ. ಇಲ್ಲಿ ಎರಡು ಮಹಡಿ ಎತ್ತರದಲ್ಲಿ ನೋಡುವಾಗ ಬಟ್ಟೆ ಒಂದು ತಾಳಕ್ಕೂ ಒಳಗಿನ ಮೈ ಇನ್ನೊಂದು ತಾಳಕ್ಕೂ ಅಲುಗುವುದು ಕಾಣಿಸಿತು. ಮೈ ನಿಂತ ಮೇಲೂ ಕೋಟು ಅರ್ಧ ಮಾತ್ರೆ ಹೆಚ್ಚು ಕುಣಿಯುತ್ತದೆ. ಸಭಾಂಗಣದಲ್ಲಿ ನಗು ಎದ್ದಿತು, ಆದರೆ ನಗು ನಿಂತ ಮೇಲೂ ಯಾರೂ ಕಣ್ಣು ತೆಗೆಯಲಿಲ್ಲ.

ಚಿತ್ರದ ಗುಣಮಟ್ಟದ ಬಗ್ಗೆ ಒಂದು ಎಚ್ಚರಿಕೆ. 4ಕೆ ಎಂಬ ಹೆಸರು ಕೇಳಿ ಇಂದಿನ ಡಿಜಿಟಲ್ ಕ್ಯಾಮೆರಾದ ನುಣುಪನ್ನು ನಿರೀಕ್ಷಿಸಿ ಹೋಗುವವರಿಗೆ ನಿರಾಸೆಯಾದೀತು. ಇದು 35 ಮಿಲಿಮೀಟರ್ ಫಿಲ್ಮಿನಲ್ಲಿ, ಕಛೇರಿಯ ಬೆಳಕಿನಲ್ಲಿ ತೆಗೆದದ್ದು. ಕಪ್ಪು ಹಿನ್ನೆಲೆಯಲ್ಲಿ ಕಣಕಣ ಕಾಣುತ್ತದೆ, ಕೆಲವು ಸಮೀಪದ ದೃಶ್ಯಗಳಲ್ಲಿ ಫೋಕಸ್ ಒಂದು ಕ್ಷಣ ಜಾರಿ ಮತ್ತೆ ಕೂರುತ್ತದೆ. ಅದನ್ನೆಲ್ಲ ತಿಕ್ಕಿ ತೆಗೆದಿಲ್ಲ ಎಂಬುದು ನನಗೆ ಸಮಾಧಾನ. ಬದಲಿಗೆ ಕತ್ತಲೆ ನಿಜವಾಗಿ ಕಪ್ಪಾಗಿದೆ, ಹಿಂದಿನ ಸಾಲಿನಲ್ಲಿದ್ದ ವರೆಲ್ ಅವರ ಕಳ್ಳನಗು ಮೊದಲ ಬಾರಿಗೆ ಕಂಡಿತು. ವರೆಲ್ 2016ರಲ್ಲಿ, ಡೆಮಿ 2017ರಲ್ಲಿ ತೀರಿಕೊಂಡರು; ಇಬ್ಬರೂ ಈ ಹೊಸ ಪ್ರತಿಯನ್ನು ನೋಡಲಿಲ್ಲ.

ಚಪ್ಪಾಳೆಯ ಪ್ರಶ್ನೆ ಇನ್ನೂ ಉಳಿದಿದೆ. ಹಾಡು ಮುಗಿದಾಗ ಚಿತ್ರದೊಳಗಿನ ಜನ ಚಪ್ಪಾಳೆ ತಟ್ಟುತ್ತಾರೆ. ಚಿತ್ರಮಂದಿರದಲ್ಲಿ ಕುಳಿತವರು ತಟ್ಟಬೇಕೇ? ತಟ್ಟಿದರೆ ಯಾರಿಗೆ? ಮೊದಮೊದಲು ಸಭಾಂಗಣ ಈ ಸಂಕೋಚದಲ್ಲಿಯೇ ಇತ್ತು. ಬರ್ನ್ ರಂಗದ ಸುತ್ತ ಓಡುವ ಏಳನೆಯ ಹಾಡು ಮುಗಿದಾಗ ಎಲ್ಲಿಂದಲೋ ಒಂದು ಚಪ್ಪಾಳೆ ಬಿತ್ತು, ಅದು ನಾಲ್ಕಾಯಿತು, ಹತ್ತಾಯಿತು. ಮುಂದಿನ ಕೆಲವು ಹಾಡುಗಳಾದ ಮೇಲೆ ಮುಂಭಾಗದ ಬದಿಯಲ್ಲಿ ಇಬ್ಬರು ಹುಡುಗಿಯರು ಎದ್ದು ಕುಣಿಯತೊಡಗಿದರು. ಯಾರ ಕಣ್ಣಿಗೂ ಅಡ್ಡವಾಗದಂತೆ ಗೋಡೆಯ ಪಕ್ಕಕ್ಕೆ ಹೋಗಿ ಕುಣಿದರು ಎಂಬುದನ್ನು ಇಲ್ಲಿ ಮೆಚ್ಚಿ ದಾಖಲಿಸಬೇಕು. ನಾನು ಎದ್ದು ಕುಣಿಯುವ ಜಾತಿಯವನಲ್ಲ. ಆದರೆ ಪಾದ ನನ್ನ ಮಾತು ಕೇಳುತ್ತಿರಲಿಲ್ಲ, ಅದು ಯಾರಿಗೂ ಕಾಣುತ್ತಲೂ ಇರಲಿಲ್ಲ. ಗೊತ್ತಿರುವವರ ಪಕ್ಕದಲ್ಲಿ ಕುಳಿತು ಹೀಗೆ ಮೈಮರೆಯುವುದು ನನ್ನಿಂದ ಇವತ್ತಿನವರೆಗೆ ಆಗಿಲ್ಲ; ಮರುದಿನ ಯಾರಾದರೂ ಅದನ್ನು ನೆನಪಿಸಿ ನಗುತ್ತಾರೆ ಎಂಬ ಅಂಜಿಕೆ ಇರುತ್ತದೆ. ಅಪರಿಚಿತರಿಗೆ ಮರುದಿನ ನೆನಪಿಸುವ ಸಲುಗೆಯಿಲ್ಲ.

ಕೊನೆಯ ಹಾಡಿನಲ್ಲಿ ಡೆಮಿ ಮೊದಲ ಬಾರಿಗೆ ಕ್ಯಾಮೆರಾವನ್ನು ತಿರುಗಿಸುತ್ತಾರೆ. ಅಷ್ಟು ಹೊತ್ತು ಬರೀ ಸದ್ದಾಗಿದ್ದ ಜನ ಮುಖವುಳ್ಳವರಾಗಿ ಕಾಣುತ್ತಾರೆ, ಒಬ್ಬೊಬ್ಬರೂ ತಮ್ಮದೇ ರೀತಿಯಲ್ಲಿ ಕುಣಿಯುತ್ತಿರುತ್ತಾರೆ. ಆಗ ನಾನು ಈ ಸಭಾಂಗಣದಲ್ಲಿ ತಲೆ ತಿರುಗಿಸಿ ನೋಡಿದೆ. ಪಕ್ಕದ ಹಿರಿಯರು ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಬೇಸ್ ನುಡಿಸುತ್ತಿದ್ದರು.

ಎರಡನೆಯ ದೂರು ಇದರ ಮರುಕ್ಷಣದ್ದು. ಹಾಡು ಮುಗಿದು ಹೆಸರುಗಳು ಮೇಲೇರತೊಡಗಿದ ಕೂಡಲೇ ಸಭಾಂಗಣದ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಬಾಗಿಲುಗಳು ತೆರೆದುಕೊಂಡವು, ಪೊರಕೆ ಹಿಡಿದವರು ಒಳಗೆ ಬಂದು ನಿಂತರು. ಮುಂದಿನ ಪ್ರದರ್ಶನಕ್ಕೆ ಗುಡಿಸಬೇಕು ಎಂಬುದು ನನಗೂ ಅರ್ಥವಾಗುತ್ತದೆ. ಅವರ ಮೇಲೆ ಸಿಟ್ಟಿಲ್ಲ. ಆದರೆ ಹಾಡು ಹಾಡಿದವರ, ಬೆಳಕು ಹಿಡಿದವರ, ಡ್ರಮ್ಸ್‌ನ ವೇದಿಕೆಯನ್ನು ತಳ್ಳಿಕೊಂಡು ಬಂದವರ ಹೆಸರುಗಳು ಮಸುಕಾದ ಪರದೆಯ ಮೇಲೆ ಓದಲಾಗದಂತೆ ಹೋದವು. 88 ನಿಮಿಷ ಹದಗೊಳಿಸಿದ ಕತ್ತಲೆಯನ್ನು ಇನ್ನೆರಡು ನಿಮಿಷ ಉಳಿಸಿಕೊಟ್ಟಿದ್ದರೆ ಚಿತ್ರಮಂದಿರಕ್ಕೆ ಏನೂ ನಷ್ಟವಿರಲಿಲ್ಲ.

ಹೋಗಬಹುದೇ ಎಂದು ಕೇಳುವವರಿಗೆ: ಈ ತಂಡದ ಹಾಡುಗಳನ್ನು ಒಂದೂ ಕೇಳದವರು ಸ್ನೇಹಿತರ ಒತ್ತಾಯಕ್ಕೆ ಹೋಗಬೇಡಿ, ಸ್ವಂತ ಕುತೂಹಲಕ್ಕೆ ಹೋಗಿ, ಎರಡರ ನಡುವೆ ವ್ಯತ್ಯಾಸವಿದೆ, ನನ್ನ ಸ್ನೇಹಿತರನ್ನು ಕೇಳಿದರೆ ಹೇಳುತ್ತಾರೆ. ಹಾಡುಗಳ ಸೂಕ್ಷ್ಮವನ್ನು ಬಿಡಿಸಿ ಕೇಳುವ ಆಸೆಯಿರುವವರಿಗೆ ಒಳ್ಳೆಯ ಹೆಡ್‌ಫೋನು ಕೆಲವು ಕಡೆ ಚಿತ್ರಮಂದಿರಕ್ಕಿಂತ ಹೆಚ್ಚಿನದನ್ನು ಕೊಟ್ಟೀತು, ಆದರೆ ಎದೆಗೂಡಿಗೆ ಬಡಿಯುವ ಬೇಸನ್ನು ಅದು ಕೊಡಲಾರದು. ಅಭಿಮಾನಿಗಳು ಒಮ್ಮೆಯಾದರೂ ಒಬ್ಬರೇ ಹೋಗಿ, ಕಡೆಯ ಸಾಲನ್ನು ಬಿಟ್ಟು ಕುಳಿತುಕೊಳ್ಳಿ; ಧ್ವನಿ ಸಾಲದೆನಿಸಿದರೆ ಮೊದಲ ಹಾಡಿನಲ್ಲಿಯೇ ಎದ್ದು ಹೇಳಿ, ಎರಡನೆಯ ಹಾಡಿನವರೆಗೆ ಕಾಯಬೇಡಿ. ನಾನು ಕಳೆದುಕೊಂಡ ಆ ಮೂರನೆಯ ಹಾಡಿನ ಕೊರಗು ನನಗೆ ಇನ್ನೂ ಹೋಗಿಲ್ಲ.

ಹೊರಗೆ ಬರುವಾಗ ಬಾಗಿಲಲ್ಲಿ ಅದೇ ಹುಡುಗ ನಿಂತಿದ್ದ. ಮುಂದಿನ ಪ್ರದರ್ಶನಕ್ಕೂ ಧ್ವನಿಯನ್ನು ಇಷ್ಟೇ ಇಡುತ್ತೀರಾ ಎಂದು ಕೇಳಿದೆ. ‘ಇಳಿಸಿ ಅಂತ ಯಾರೂ ಹೇಳಲಿಲ್ಲ ಸರ್, ಹಾಗೇ ಇರುತ್ತೆ’ ಎಂದ. ನಡುಸಾಲಿನಲ್ಲಿ ಒಂದೇ ಆಸನ ಉಳಿದಿರಬಹುದೇ ಎಂದು ನೋಡಲು ನಾನು ಅಲ್ಲಿಯೇ ಗೋಡೆಗೆ ಒರಗಿ ಫೋನ್ ತೆಗೆದೆ.